ಜೀರ್ಣಯಂತ್ರವೂ ನೂತನ ತಂತ್ರವೂ

ಗಾಡಿಯ ಅಚ್ಚು ಮುರಿದರೆ, ರಾಟೆಯ ಕದಿರು ಸವೆದರೆ ಅದು ಕಣ್ಣಿಗೆ ಕಾಣುವ ಜೀರ್ಣತೆ. ಗಣಕಯಂತ್ರದ ವಿಷಯವು ಹಾಗಲ್ಲ. ಅದರ ಅಂಗಾಂಗಗಳೆಲ್ಲ ಸುಸ್ಥಿತಿಯಲ್ಲಿರುವಾಗಲೇ ಅದು ಹಳೆಯದೆಂದು ತೀರ್ಮಾನವಾಗಿಬಿಡುತ್ತದೆ. ಈ ತೀರ್ಮಾನವು ವಸ್ತುಸ್ವಭಾವದಿಂದ ಬಂದುದೋ, ಮನುಷ್ಯರ ಇಚ್ಛೆಯಿಂದ ಬಂದುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

1995ರಲ್ಲಿ ಹೊರಬಂದ ವಿಂಡೋಸ್ 95 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಕನಿಷ್ಠಪಕ್ಷ 4 ಮೆಗಾಬೈಟ್ ರ್ಯಾಮ್ ಸಾಕಾಗಿತ್ತು. 2021ರ ವಿಂಡೋಸ್ 11ಕ್ಕೆ 4 ಗಿಗಾಬೈಟ್ ಬೇಕು. ಬೇಡಿಕೆಯು ಸಾವಿರ ಮಡಿಗೂ ಮಿಕ್ಕಿತು. ಚಿತ್ರ, ಧ್ವನಿ, ರಕ್ಷಣೆಗಳಿಗಾಗಿ ಇದರಲ್ಲಿ ಕೆಲವಂಶವು ನ್ಯಾಯವೇ ಸರಿ. ಆದರೆ ಪತ್ರ ಬರೆಯುವವನ ಕೆಲಸವು ಸಾವಿರ ಮಡಿ ಹೆಚ್ಚಿತೆ? ಯಂತ್ರಗಳ ವೇಗಕ್ಕಿಂತ ತಂತ್ರಾಂಶಗಳ ಮಾಂದ್ಯವೇ ಬೇಗ ಬೆಳೆಯುತ್ತಿದೆಯೆಂದು ಸ್ವಿಟ್ಜರ್ಲೆಂಡಿನ ವಿದ್ವಾಂಸ ನಿಕ್ಲೌಸ್ ವಿರ್ತ್ ಅವರು 1995ರಲ್ಲಿಯೇ ಎಚ್ಚರಿಸಿದ್ದರು. ರ್ಯಾಮ್ ತುಂಬಿದೊಡನೆ ವ್ಯವಸ್ಥೆಯು ಅದರಲ್ಲಿನ ಕೆಲವಂಶವನ್ನು ನಿಧಾನಗತಿಯ ಡಿಸ್ಕಿಗೆ ಸಾಗಿಸಿ ಮತ್ತೆ ಮತ್ತೆ ತರಬೇಕಾಗುತ್ತದೆ. ಆಗ ಯಂತ್ರವು ಏದುಸಿರು ಬಿಡುತ್ತದೆ. ಒಂದೇ ಯಂತ್ರವನ್ನು ನೆಚ್ಚಿ ಮಕ್ಕಳನ್ನು ಓದಿಸುವ ಮನೆಗೆ ಇದು ಅಲ್ಪ ವಿಷಯವಲ್ಲ.

ಹಾಗಾದರೆ ಹಳೆಯ ಯಂತ್ರದಲ್ಲಿ ಹಳೆಯ ವ್ಯವಸ್ಥೆಯನ್ನೇ ಇಟ್ಟುಕೊಳ್ಳಬಾರದೇಕೆ? ಇಲ್ಲಿ ಧರ್ಮಸೂಕ್ಷ್ಮವುಂಟು. ವಿಂಡೋಸ್ 10ಕ್ಕೆ ಸಾಮಾನ್ಯ ರಕ್ಷಣಾ ಪರಿಷ್ಕಾರಗಳು 2025ರ ಅಕ್ಟೋಬರ್ 14ಕ್ಕೆ ಮುಗಿದುವು. ಪರಿಷ್ಕಾರವಿಲ್ಲದ ಯಂತ್ರವು ಜಾಲಕ್ಕೆ ಸೇರಿದರೆ, ಅದರ ಮೂಲಕ ಕಳ್ಳರು ಪರರ ಮನೆಯನ್ನೂ ಹೊಗಬಲ್ಲರು. ನೆರೆಯವನಿಗೆ ಅಪಾಯವನ್ನು ತರುವ ಮಿತವ್ಯಯವು ಗುಣವೆನಿಸಲಾರದು.

ಆದುದರಿಂದ ಯಂತ್ರವು ಹಳೆಯದಿದ್ದು, ತಂತ್ರವು ಹೊಸದಾಗಿರುವುದೇ ಲೇಸಾದ ಮಾರ್ಗ. 1991ರಲ್ಲಿ ಆರಂಭವಾದ ಲಿನಕ್ಸ್ ಈ ಮಾರ್ಗವನ್ನು ತೆರೆದಿದೆ. ಎಲ್‌ಎಕ್ಸ್‌ಕ್ಯೂಟಿಯಂತಹ ಹಗುರವಾದ ಮೇಲ್ಮೈಯನ್ನು ಆರಿಸಿ, ರ್ಯಾಮಿನಲ್ಲಿರುವುದನ್ನು ಅಡಕಗೊಳಿಸುವ ಜೆಡ್‌ರ್ಯಾಮ್ ಉಪಾಯವನ್ನು ಕೂಡಿಸಿದರೆ, 2 ಗಿಗಾಬೈಟಿನ ಯಂತ್ರವೂ ಬರೆವಣಿಗೆಗೆ, ಓದಿಗೆ ಒದಗುತ್ತದೆ. ಭಾರವಾದ ಜಾಲಪುಟಗಳೆದುರು ಮಾತ್ರ ಅದು ಸೋಲುವುದುಂಟು.

ಉಳಿಸುವವರ ಶ್ರಮಕ್ಕೂ ಎಲ್ಲೆಯುಂಟು. ಸ್ವಯಂಸೇವಕರು ನಡೆಸುವ ಡೆಬಿಯನ್ ಸಹ ತನ್ನ 2025ರ ಆವೃತ್ತಿಯಲ್ಲಿ 32 ಬಿಟ್ಟಿನ ಹಳೆಯ ಪಿ.ಸಿ.ಗಳಿಗೆ ಸ್ಥಾಪನಾ ಸೌಕರ್ಯವನ್ನು ನಿಲ್ಲಿಸಿತು. ಸದಾಕಾಲವೂ ಸಲಹಬೇಕೆಂದು ಯಾರನ್ನೂ ಬಲಾತ್ಕರಿಸುವಂತಿಲ್ಲ. ಆದರೆ ತಂತ್ರಾಂಶವನ್ನು ರಚಿಸುವವನು ತನ್ನ ಮುಂದಿರುವ ಸಮೃದ್ಧ ಯಂತ್ರವನ್ನೇ ಲೋಕವೆಂದು ತಿಳಿಯಬಾರದು. ಅವನ ದುಂದಿಗೆ ಬೆಲೆ ತೆರುವವನು ಅವನಲ್ಲ, ಹೊಸ ಯಂತ್ರವನ್ನು ಕೊಳ್ಳಲಾರದವನು.