ಅಕ್ಷರಕ್ಕೆ ಮುನ್ನ ಅಭಯ



ಅಮರಾವತಿಯ ನೀರುಂಡ ಮಡತ್ತುಕುಳಂ ಸೀಮೆಯಲ್ಲಿ ಕಬ್ಬು, ಭತ್ತ, ತೆಂಗು ಬೆಳೆಯುವವರಿಗೆ ಲೆಕ್ಕ ಬಾರದೆಂದು ಯಾರು ಹೇಳಿಯಾರು? ಮರದ ಬುಡದಲ್ಲಿ ನಿಂತು ಮೇಲಿನ ಕಾಯಿ ಎಷ್ಟೆಂದು ಹೇಳುವವರು, ಬಡ್ಡಿಯನ್ನು ಬಾಯಲ್ಲೇ ಗುಣಿಸುವವರು ನಮ್ಮಲ್ಲಿದ್ದಾರೆ. ಅಂಥವರೂ ಸಾಲದ ಪತ್ರದ ಮುಂದೆ ಹೆಬ್ಬೆಟ್ಟು ಒಡ್ಡುತ್ತಾರೆ. ರಾತ್ರಿ ಪಾಠಕ್ಕೆ ಕರೆದರೆ "ಕನ್ನಡಕ ಇಲ್ಲ ಬುದ್ಧಿ", "ನೀರು ಕಟ್ಟಬೇಕು ಬುದ್ಧಿ" ಎನ್ನುತ್ತಾರೆ. ಇದು ಸೋಮಾರಿತನವಲ್ಲ, ದಡ್ಡತನವೂ ಅಲ್ಲ. ಎಳವೆಯಲ್ಲಿ ಹೊಕ್ಕ ಭಯ.

ಕಿವಿ ಹಿಂಡಿಸಿಕೊಂಡದ್ದು, ಮಂಡಿಯೂರಿ ನಿಂತದ್ದು, "ನೀನು ಎಮ್ಮೆ ಕಾಯಲೇ ಲಾಯಕ್ಕು" ಎಂಬ ಮಾತು ಇವೆಲ್ಲ ಅರವತ್ತರ ಪ್ರಾಯದಲ್ಲೂ ಮಾಸುವುದಿಲ್ಲ. ಈ ಸೀಮೆಯಲ್ಲಿ ಇನ್ನೊಂದು ತೊಡಕೂ ಇತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ತಮಿಳಿನಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ಮಗುವಿನ ನಾಲಿಗೆ ತಡವರಿಸಿದರೆ ತರಗತಿಯೇ ನಗುತ್ತಿತ್ತು. ತಮಿಳು ನಮಗೆ ಅನ್ನವಿತ್ತ ನೆಲದ ನುಡಿ, ಅದರ ತಪ್ಪೇನೂ ಇಲ್ಲ. ತಪ್ಪು ಆ ನಗೆಯದು.

ಹೀಗೆ ನೊಂದವರ ಕೈ ಸ್ಲೇಟು ಕಂಡೊಡನೆ ಬೆವರುತ್ತದೆ. ಮರ್ಯಾದೆ ಹೋದೀತೆಂದು ಕಾವಲು ನಿಂತ ಮನಸ್ಸಿನೊಳಗೆ ಅಕ್ಷರಕ್ಕೆ ಜಾಗವೆಲ್ಲಿ? ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿತು. ಅದಕ್ಕೂ ಮೊದಲೇ ಶಾಲೆ ಬಿಟ್ಟವರ ಗಾಯಕ್ಕೆ ಮದ್ದು ನಾವೇ ಹುಡುಕಬೇಕು.

ಹನ್ನೆರಡನೆಯ ಶತಮಾನದ ಶರಣರು ದಾರಿ ತೋರಿದ್ದಾರೆ. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ ಅಕ್ಕಿ ಆಯುವ ಕಾಯಕದ ಆಯ್ದಕ್ಕಿ ಲಕ್ಕಮ್ಮನವರೂ ತಮ್ಮ ಆಡುಮಾತಿನಲ್ಲೇ ಅನುಭಾವ ನುಡಿದರು. ಅವರ ಕಾಯಕಕ್ಕೆ ಗೌರವವಿತ್ತು, ಆದ್ದರಿಂದ ಅವರ ಮಾತಿಗೆ ಅಂಜಿಕೆಯಿರಲಿಲ್ಲ. ನಮ್ಮ ಕಾಲದಲ್ಲಿಯೂ ನಿದರ್ಶನವಿದೆ. 1991ರಲ್ಲಿ ಪುದುಕ್ಕೋಟೆ ಜಿಲ್ಲೆಯಲ್ಲಿ ನಡೆದ ಸಾಕ್ಷರತಾ ಚಳುವಳಿಯ ಹೆಸರು 'ಅರಿವೊಳಿ', ಎಂದರೆ ಅರಿವಿನ ಬೆಳಕು. ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿತರು. ಬಿದ್ದರೂ ಎದ್ದು ಮತ್ತೆ ಹತ್ತಬಹುದೆಂದು ತಿಳಿದವಳಿಗೆ ಅಕ್ಷರ ತಪ್ಪಿದರೆ ಏನು ಭಯ?

2022ರಲ್ಲಿ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮ 15 ವರ್ಷ ಮೀರಿದವರಿಗಾಗಿಯೇ ಇದೆ, ಕಲಿಸುವವರು ಸ್ವಯಂಸೇವಕರು. ಈ ಸೇವೆಗೆ ಹೊರಡುವ ನಮ್ಮ ಯುವಕ ಯುವತಿಯರಿಗೆ ನಾಲ್ಕು ಮಾತು. ಹಿರಿಯರನ್ನು ಎಲ್ಲರೆದುರು ಒಬ್ಬರೇ ಓದಿರೆಂದು ಎಬ್ಬಿಸಬೇಡಿ. ಅವರ ಸೊಸೆ, ಮೊಮ್ಮಕ್ಕಳ ಮುಂದೆ ತಪ್ಪು ತಿದ್ದಬೇಡಿ. ಅವರ ಹೆಸರಿನಿಂದ ಆರಂಭಿಸಿ, ತೂಕದ ಚೀಟಿ, ಉಡುಮಲೈ ಪಳನಿ ಬಸ್ಸಿನ ಫಲಕ, ಆಮೇಲೆ ಪುಸ್ತಕ. ತಮಿಳೋ ಕನ್ನಡವೋ, ಅವರು ಕೇಳಿದ್ದನ್ನು ಮೊದಲು ಕಲಿಸಿ.

ವರ್ತಕರೇ, ಓದು ಬಾರದ ರೈತನಿಗೆ ಚೀಟಿಯನ್ನು ನಿಧಾನವಾಗಿ ಓದಿ ಹೇಳಿ. ಓದದ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟಿನಿಂದ ಹೊಲ ಕಳೆದುಕೊಂಡ ಮನೆಗಳುಂಟು. ತಾಯಿತಂದೆಗಳೇ, ಮನೆಯ ಮಗುವನ್ನು 'ದಡ್ಡ' ಎನ್ನಬೇಡಿ. ಇಂದಿನ ಆ ಒಂದು ಮಾತು ನಾಳೆ ಹೆಬ್ಬೆಟ್ಟಾಗಿ ಕಾಗದದ ಮೇಲೆ ಮೂಡುತ್ತದೆ.

ದಾಸೋಹದಲ್ಲಿ ಅನ್ನಕ್ಕೆ ಕುಳಿತವರ ಜಾತಕ ಕೇಳುವುದಿಲ್ಲ, ಹಸಿವನ್ನಷ್ಟೇ ನೋಡುತ್ತೇವೆ. ಅಕ್ಷರ ದಾಸೋಹವೂ ಹಾಗೆಯೇ ನಡೆಯಲಿ. ಮೊದಲು ಅಭಯ ಬಡಿಸೋಣ, ಅಕ್ಷರ ತಾನಾಗಿ ಇಳಿಯುತ್ತದೆ.