ವೈದ್ಯನ ಸಂಶಯವೂ ರೋಗಿಯ ಹಿತವೂ

ರೋಗಿಯಾದವನು ವೈದ್ಯನಲ್ಲಿಗೆ ಹೋಗುವುದು ನಂಬಿಕೆಯಿಂದ. ತನಗೆ ತಿಳಿಯದುದು ಅವನಿಗೆ ತಿಳಿದಿದೆ, ತಿಳಿದುದನ್ನು ಅವನು ತನ್ನ ಹಿತಕ್ಕಾಗಿಯೇ ಪ್ರಯೋಗಿಸುವನು ಎಂಬುದೇ ಆ ನಂಬಿಕೆಯ ತಿರುಳು. ಹೀಗಿರುವಲ್ಲಿ, ಒಂದೇ ರೋಗದಿಂದ ನರಳುವ ಇಬ್ಬರಲ್ಲಿ ಯಾರಿಗೆ ಹೊಸ ಔಷಧ, ಯಾರಿಗೆ ಔಷಧದಂತೆ ತೋರುವ ಹುಸಿಮಾತ್ರೆ ಎಂಬುದನ್ನು ವೈದ್ಯನು ತನ್ನ ವಿವೇಕದಿಂದ ನಿಶ್ಚಯಿಸದೆ ಚೀಟಿಯೆತ್ತಿ ನಿಶ್ಚಯಿಸಿದರೆ ಅದು ಧರ್ಮವಾದೀತೆ? ಇಂದು ಹೊಸ ಚಿಕಿತ್ಸೆಗಳ ಯೋಗ್ಯತೆಯನ್ನು ಅಳೆಯುವುದಕ್ಕೆ ಈ ಚೀಟಿಯ ಕ್ರಮವೇ ಮುಖ್ಯ ಸಾಧನವಾಗಿದೆ. ಆದುದರಿಂದ ಈ ಪ್ರಶ್ನೆಯು ವೈದ್ಯರಿಗೆ ಮಾತ್ರ ಸೇರಿದುದಲ್ಲ. ಒಂದಲ್ಲ ಒಂದು ದಿನ ಆಸ್ಪತ್ರೆಯ ಬಾಗಿಲನ್ನು ಹೊಗಬೇಕಾದ ಪ್ರತಿಯೊಬ್ಬರಿಗೂ ಸೇರಿದುದು.

ಇದು ಅಧರ್ಮವೆನ್ನುವವರ ವಾದವು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ವೈದ್ಯನ ಕರ್ತವ್ಯವು ಎದುರಿಗೆ ಮಲಗಿರುವ ರೋಗಿಗೆ ಸಂಬಂಧಿಸಿದುದೇ ಹೊರತು ಮುಂದೆಂದೋ ಬರಲಿರುವವರಿಗೆ ಸಂಬಂಧಿಸಿದುದಲ್ಲ. ಮನುಷ್ಯನನ್ನು ಇತರರ ಜ್ಞಾನಾರ್ಜನೆಗೆ ಉಪಕರಣವನ್ನಾಗಿ ಮಾಡಲಾಗದು. ತನಗೆ ವಿಶ್ವಾಸವಿರುವ ಔಷಧವನ್ನು ರೋಗಿಗೆ ಕೊಡದೆ ತಡೆಹಿಡಿಯುವುದು ವಂಚನೆ. ಈ ಮೂರು ಮಾತುಗಳೂ ಘನವಾದವುಗಳೇ. ಆದರೆ ಮೂರನೆಯದರಲ್ಲಿ ಒಂದು ವಿಷಯವು ವಿಚಾರಣೆಗೆ ಬಾರದೆ ಉಳಿದಿದೆ. ವೈದ್ಯನ ಆ ವಿಶ್ವಾಸಕ್ಕೆ ಪ್ರಮಾಣವೇನು?

ಕಾಗೆ ಬಂದು ಕುಳಿತುದೂ ತಾಳೆಯ ಹಣ್ಣು ಬಿದ್ದುದೂ ಒಂದೇ ಗಳಿಗೆಯಲ್ಲಾದ ಮಾತ್ರಕ್ಕೆ ಕಾಗೆಯೇ ಹಣ್ಣನ್ನು ಬೀಳಿಸಿತೆನ್ನಲಾಗದು. ಔಷಧ ಕುಡಿದ ಮೇಲೆ ಜ್ವರ ಬಿಟ್ಟಿತೆಂಬಲ್ಲಿಯೂ ಈ ಕಾಕತಾಲೀಯದ ಶಂಕೆ ಇದ್ದೇ ಇದೆ. ಎಷ್ಟೋ ರೋಗಗಳು ತಾವಾಗಿಯೇ ಇಳಿಯುತ್ತವೆ. ಎಷ್ಟೋ ವೇಳೆ ವೈದ್ಯನು ಗಟ್ಟಿಯಾಗಿರುವವರನ್ನೇ ತನಗರಿಯದೆ ಹೊಸ ಚಿಕಿತ್ಸೆಗೆ ಆರಿಸಿರುತ್ತಾನೆ. ಆಯುಸ್ಸು ಗಟ್ಟಿಯಿದ್ದ ಒಬ್ಬನನ್ನು ಅಕಸ್ಮಾತ್ತಾಗಿ ಉಳಿಸಿದ ವೈದ್ಯಂಮನ್ಯನು ಆ ಹೆಮ್ಮೆಯಿಂದಲೇ ನೂರಾರು ಜನರನ್ನು ಕೊಲ್ಲುವನೆಂದು ಚರಕಸಂಹಿತೆಯ ಸೂತ್ರಸ್ಥಾನವು ಎಚ್ಚರಿಸುತ್ತದೆ. ಚೀಟಿಯಾದರೋ ಬಲಿಷ್ಠ ದುರ್ಬಲರೆಂಬ ಭೇದವನ್ನರಿಯದು. ಸಾಕಷ್ಟು ಮಂದಿಯನ್ನು ಅದರಿಂದ ಎರಡು ಪಂಗಡ ಮಾಡಿದರೆ ಕಂಡ ಕಾರಣಗಳೂ ಕಾಣದ ಕಾರಣಗಳೂ ಎರಡು ಕಡೆಗೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತವೆ. ಉಳಿಯುವ ವ್ಯತ್ಯಾಸ ಔಷಧವೊಂದೇ. ತಾರ್ಕಿಕರು ಅನ್ವಯವ್ಯತಿರೇಕವೆಂದು ಹೇಳುವುದನ್ನು ಇದಕ್ಕಿಂತ ಶುದ್ಧವಾಗಿ ಪಡೆಯುವ ಉಪಾಯ ವೈದ್ಯರಿಗೆ ಬೇರೆ ದೊರೆತಿಲ್ಲ.

ಶುದ್ಧಾಂತಃಕರಣದ ವಿಶ್ವಾಸವೂ ಹೇಗೆ ಘಾತಕವಾಗಬಹುದೆಂಬುದಕ್ಕೆ ಹೃದ್ರೋಗಚಿಕಿತ್ಸೆಯ ಚರಿತ್ರೆಯಲ್ಲಿ ದಾರುಣವಾದ ದೃಷ್ಟಾಂತವೊಂದಿದೆ. ಹೃದಯಾಘಾತದಿಂದ ಬದುಕಿ ಉಳಿದ ಕೆಲವರಲ್ಲಿ ಹೃದಯವು ನಡುನಡುವೆ ತಾಳತಪ್ಪಿ ಮಿಡಿಯುವುದುಂಟು. ಅಂಥವರಲ್ಲಿ ಹಠಾತ್ತಾದ ಮರಣ ಹೆಚ್ಚೆಂಬುದೂ ಕಂಡುಬಂದಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಈ ತಪ್ಪುಮಿಡಿತವನ್ನು ಅಡಗಿಸುತ್ತಿದ್ದುವು. ಮಿಡಿತ ಸರಿಹೋದರೆ ಮರಣವೂ ತಪ್ಪುವುದೆಂಬ ಊಹೆ ಸಯುಕ್ತಿಕವಾಗಿಯೇ ತೋರಿತು. ವೈದ್ಯರು ಅವನ್ನು ಕೊಡುತ್ತ ಬಂದರು. ೧೯೮೭ರಲ್ಲಿ ಅಮೆರಿಕಾದಲ್ಲಿ ಚೀಟಿಕ್ರಮದ ಪರೀಕ್ಷೆಯೊಂದು ಆರಂಭವಾಯಿತು. ಔಷಧದಿಂದ ಮಿಡಿತವು ಹತೋಟಿಗೆ ಬಂದುದನ್ನು ಮೊದಲೇ ಕಂಡುಕೊಂಡ ರೋಗಿಗಳನ್ನೇ ಅದಕ್ಕೆ ಸೇರಿಸಿಕೊಂಡರು. ಆದರೂ ೧೯೮೯ರಲ್ಲಿ ಮೇಲ್ವಿಚಾರಣೆಯ ಸಮಿತಿಯು ಲೆಕ್ಕವನ್ನು ನೋಡಿ ಈ ಎರಡು ಔಷಧಗಳ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ೧೯೯೧ರಲ್ಲಿ ಪ್ರಕಟವಾದ ವರದಿಯಂತೆ, ಸರಾಸರಿ ಹತ್ತು ತಿಂಗಳುಗಳಲ್ಲಿ ಔಷಧ ಪಡೆದ ೭೫೫ ಮಂದಿಯಲ್ಲಿ ೬೩ ಮಂದಿಯೂ, ಹುಸಿಮಾತ್ರೆ ಪಡೆದ ೭೪೩ ಮಂದಿಯಲ್ಲಿ ೨೬ ಮಂದಿಯೂ ತೀರಿಕೊಂಡಿದ್ದರು.

ವಂಚಿತರೆಂದು ತೋರಿದವರೇ ಇಲ್ಲಿ ರಕ್ಷಿತರಾದರು. ಅದಕ್ಕಿಂತಲೂ ಯೋಚಿಸತಕ್ಕ ಸಂಗತಿ ಮತ್ತೊಂದುಂಟು. ಪರೀಕ್ಷೆಯ ಹೊರಗೆ ಅದೇ ಔಷಧಗಳನ್ನು ಸೇವಿಸಿ ಮೃತರಾದವರ ಮರಣವನ್ನು ಮನೆಯವರು ರೋಗದ ಮೇಲೆಯೋ ವಿಧಿಯ ಮೇಲೆಯೋ ಹೊರಿಸಿ ಸುಮ್ಮನಾದರು. ಪ್ರಯೋಗವು ಅವರ ಮೇಲೂ ನಡೆದಿತ್ತು. ಲೆಕ್ಕವಿಡುವವರು ಮಾತ್ರ ಇರಲಿಲ್ಲ.

ಈಚಿನ ಕೊರೋನಾ ಮಾರಿಯ ಕಾಲದಲ್ಲಿ ನಮ್ಮ ದೇಶದ ಮನೆಮನೆಗಳೂ ಈ ಪಾಠವನ್ನು ಕಂಡುವು. ಗುಣಹೊಂದಿದವರ ರಕ್ತದ ಪ್ಲಾಸ್ಮಾವನ್ನು ರೋಗಿಗೆ ಏರಿಸಿದರೆ ಪ್ರಾಣ ಉಳಿಯುವುದೆಂದು ಜನರು ದಾನಿಗಳಿಗಾಗಿ ಊರೂರು ಅಲೆದರು. ೨೦೨೦ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೩೯ ಆಸ್ಪತ್ರೆಗಳಲ್ಲಿ ೪೬೪ ರೋಗಿಗಳನ್ನು ಚೀಟಿಯಿಂದ ವಿಂಗಡಿಸಿ ಪರೀಕ್ಷಿಸಿತು. ರೋಗವು ಉಲ್ಬಣಿಸಿದವರೂ ಮೃತರಾದವರೂ ಸೇರಿ ಪ್ಲಾಸ್ಮಾ ಪಡೆದ ೨೩೫ ಮಂದಿಯಲ್ಲಿ ೪೪. ಪಡೆಯದ ೨೨೯ ಮಂದಿಯಲ್ಲಿ ೪೧. ಪ್ರಯೋಜನವಿಲ್ಲವೆಂದು ಆ ವರ್ಷವೇ ಗೊತ್ತಾದರೂ ೨೦೨೧ರ ಮೇ ತಿಂಗಳವರೆಗೆ ಅದು ರಾಷ್ಟ್ರೀಯ ಚಿಕಿತ್ಸಾಕ್ರಮದಿಂದ ಹೊರಹೋಗಲಿಲ್ಲ. ಎರಡನೆಯ ಅಲೆಯಲ್ಲಿಯೂ ಜನರು ಅಲೆಯುವುದು ತಪ್ಪಲಿಲ್ಲ. ಇತ್ತ ೨೦೨೦ರಲ್ಲಿಯೇ ಬ್ರಿಟನ್ನಿನಲ್ಲಿ ನಡೆದ ಚೀಟಿಪರೀಕ್ಷೆಯಿಂದ, ಡೆಕ್ಸಾಮೆಥಾಸೋನ್ ಎಂಬ ಹಳೆಯ ಅಗ್ಗದ ಔಷಧವು ಉಸಿರಾಟದ ಯಂತ್ರಕ್ಕೆ ಒಳಪಟ್ಟವರಲ್ಲಿ ಮರಣವನ್ನು ನೂರಕ್ಕೆ ೪೧ರಿಂದ ೨೯ಕ್ಕೆ ಇಳಿಸುವುದೆಂದು ತಿಳಿಯಿತು. ಆಮ್ಲಜನಕದ ಅವಶ್ಯಕತೆಯಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲವೆಂದೂ ತಿಳಿಯಿತು.

ಹಾಗಾದರೆ ಚೀಟಿಯು ಸರ್ವತ್ರ ನಿರ್ದೋಷವೇ? ಅಲ್ಲ. ಗೌತಮನು ಎಣಿಸಿದ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು. ನಿರ್ಣಯವಾಗಿಹೋದ ವಿಷಯದಲ್ಲಿ ನ್ಯಾಯಕ್ಕೆ ಕೆಲಸವಿಲ್ಲ, ಸಂಶಯವಿದ್ದಲ್ಲಿಯೇ ಅದಕ್ಕೆ ಪ್ರವೃತ್ತಿ ಎಂಬುದು ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ಚೀಟಿಯ ಮರ್ಯಾದೆಯೂ ಇಷ್ಟೇ. ಅಮೆರಿಕಾದ ಟಸ್ಕೀಗಿಯಲ್ಲಿ ೧೯೩೨ರಿಂದ ೧೯೭೨ರವರೆಗೆ ಸಿಫಿಲಿಸ್ ರೋಗದ ಗತಿಯನ್ನು ತಿಳಿಯುವುದಕ್ಕೆಂದು ನೂರಾರು ಕಪ್ಪುವರ್ಣದ ಬಡವರನ್ನು ಸರ್ಕಾರದ ವೈದ್ಯರು ಚಿಕಿತ್ಸೆಯಿಲ್ಲದೆ ನೋಡುತ್ತಿದ್ದರು. ಅದು ಚೀಟಿಯ ಪರೀಕ್ಷೆಯಲ್ಲ. ಆದರೆ ಪೆನಿಸಿಲಿನ್ನಿನಿಂದ ಆ ರೋಗ ಗುಣವಾಗುವುದೆಂದು ನಿಶ್ಚಯವಾದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. ಸಂಶಯವು ತೀರಿದ ಮೇಲೆ ಪರೀಕ್ಷೆಯ ಹೆಸರಿನಲ್ಲಿ ಔಷಧವನ್ನು ತಡೆಯುವುದು ಪಾಪ. ಮೇಲೆ ಹೇಳಿದ ಹೃದ್ರೋಗದ ಪರೀಕ್ಷೆಯನ್ನು ಮಧ್ಯದಲ್ಲಿಯೇ ನಿಲ್ಲಿಸಿದುದು ಈ ಧರ್ಮವನ್ನು ಪಾಲಿಸಿಯೇ.

ಎರಡನೆಯ ಮರ್ಯಾದೆ, ರೋಗಿಯ ಸಮ್ಮತಿ. ೧೯೪೮ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ಕ್ಷಯರೋಗದ ಪರೀಕ್ಷೆಯು ಈ ಕ್ರಮಕ್ಕೆ ಮಾದರಿಯಾಯಿತು. ಆರು ತಿಂಗಳುಗಳಲ್ಲಿ ಸ್ಟ್ರೆಪ್ಟೊಮೈಸಿನ್ ಪಡೆದ ೫೫ ಮಂದಿಯಲ್ಲಿ ನಾಲ್ವರೂ, ವಿಶ್ರಾಂತಿಯನ್ನು ಮಾತ್ರ ಪಡೆದ ೫೨ ಮಂದಿಯಲ್ಲಿ ಹದಿನಾಲ್ವರೂ ಮೃತರಾದರು. ಔಷಧವು ಆಗ ಬಹಳ ವಿರಳವಾಗಿದ್ದುದರಿಂದ ಎಲ್ಲರಿಗೂ ಕೊಡುವುದು ಹೇಗೂ ಸಾಧ್ಯವಿರಲಿಲ್ಲ; ಅಲ್ಲಿ ಚೀಟಿಯು ಶಿಫಾರಸಿಗಿಂತ ನ್ಯಾಯವಾದುದೇ ಆಗಿತ್ತು. ಆದರೆ ಆ ೫೨ ಮಂದಿಗೆ ತಾವು ಪರೀಕ್ಷೆಯಲ್ಲಿರುವ ಸಂಗತಿಯನ್ನೇ ತಿಳಿಸಿರಲಿಲ್ಲ. ಇದೊಂದು ಕೊರತೆಯೇ ಸರಿ. ೧೯೬೪ರ ಹೆಲ್ಸಿಂಕಿಯ ಘೋಷಣೆಯು ರೋಗಿಗೆ ತಿಳಿಸಿ ಸಮ್ಮತಿ ಪಡೆಯುವುದನ್ನು ವೈದ್ಯರ ಕರ್ತವ್ಯವೆಂದು ಸಾರಿತು. ತಿಳಿದು ಒಪ್ಪಿದವನು ಉಪಕರಣವಾಗುವುದಿಲ್ಲ, ಆ ಅನ್ವೇಷಣೆಯಲ್ಲಿ ಪಾಲುಗಾರನಾಗುತ್ತಾನೆ. ಎರಡನೆಯ ಆಕ್ಷೇಪಣೆಗೆ ಸಮಾಧಾನವು ಇದರಲ್ಲಿದೆ.

ಮೊದಲನೆಯ ಆಕ್ಷೇಪಣೆಗೆ ಪೂರ್ಣ ಸಮಾಧಾನ ಬಹುಶಃ ಇಲ್ಲ. ಮಗುವಿನ ಹಾಸಿಗೆಯ ಬಳಿ ಕುಳಿತ ತಾಯಿಗೆ ಮುಂದಿನ ರೋಗಿಗಳ ಮಾತು ರುಚಿಸದು. ರುಚಿಸಬೇಕೆಂದು ಹೇಳುವ ಅಧಿಕಾರವೂ ಯಾರಿಗೂ ಇಲ್ಲ. ಆಕೆಗೆ ವೈದ್ಯನು ಸಲ್ಲಿಸಬೇಕಾದುದು ಸತ್ಯವನ್ನು: ‘ಈ ಎರಡರಲ್ಲಿ ಯಾವುದು ಮೇಲೆಂದು ನನಗೆ ತಿಳಿಯದು, ತಾಯಿ, ತಿಳಿದಿದ್ದರೆ ಚೀಟಿಯನ್ನು ಮುಟ್ಟುತ್ತಿರಲಿಲ್ಲ’ ಎಂದು ಅವನು ಎದೆಮುಟ್ಟಿ ಹೇಳಬಲ್ಲನಾದರೆ ಚೀಟಿಯೆತ್ತಲಿ, ಹೇಳಲಾರನಾದರೆ ಎತ್ತಬಾರದು. ಆಕೆ ಒಲ್ಲೆನೆಂದರೆ ಚಿಕಿತ್ಸೆಯಲ್ಲಿಯೂ ಆದರದಲ್ಲಿಯೂ ಎಳ್ಳಷ್ಟೂ ಕೊರತೆಯಾಗಬಾರದು. ಇಂದು ಧೈರ್ಯವಾಗಿ ನುಂಗುವ ಒಂದೊಂದು ಮಾತ್ರೆಯ ಹಿಂದೆಯೂ ಹೀಗೆ ಚೀಟಿಗೆ ಕೈಯೊಡ್ಡಿದ, ಹೆಸರು ತಿಳಿಯದ ಅನೇಕರಿದ್ದಾರೆ. ಅವರಲ್ಲಿ ಕೆಲವರು ಮನೆಗೆ ಮರಳಲಿಲ್ಲ. ದೇವಋಣ, ಋಷಿಋಣ, ಪಿತೃಋಣಗಳನ್ನು ಎಣಿಸುವ ಮನೆಗಳಲ್ಲಿ ಈ ಋಣವೂ ನೆನಪಿನಲ್ಲಿರುವುದು ಯುಕ್ತ.