ಹಾರಾಟದ ಲೆಕ್ಕ ಮತ್ತು ಸತ್ಯದ ಹೊಣೆ

ಲೆಕ್ಕ ಬರೆಯುವುದು ಕೈಯ ಕೆಲಸ. ಬರೆದುದಕ್ಕೆ ಉತ್ತರ ಹೇಳುವುದು ಮನಸ್ಸಿನ ಕೆಲಸ. ಬರೆಯುವ ಸಾಧನ ಬದಲಾದಾಗ ಉತ್ತರ ಹೇಳುವ ಹೊಣೆಯೂ ಬದಲಾಗುವುದೆ? ವಿಮಾನಚಾಲಕರ ಹಾರಾಟದ ದಾಖಲೆಯು ಕಾಗದದಿಂದ ಕಂಪ್ಯೂಟರಿಗೆ ಸಾಗುತ್ತಿರುವಾಗ ಈ ಪ್ರಶ್ನೆಯು ಸ್ಪಷ್ಟವಾಗಿ ಎದುರಾಗುತ್ತದೆ.

ವಿಮಾನಚಾಲಕನು ತನ್ನ ಹೆಸರಿನಲ್ಲಿ ಒಂದು ಲಾಗ್‌ಬುಕ್ ಇಡಬೇಕು. ದಿನಾಂಕ, ವಿಮಾನದ ಮಾದರಿ, ಅದರ ನೋಂದಣಿ ಸಂಖ್ಯೆ, ಹೊರಟ ಊರು, ತಲುಪಿದ ಊರು, ಹಗಲಿನಲ್ಲಿ ಹಾರಿದ ಹೊತ್ತು, ಇರುಳಿನಲ್ಲಿ ಹಾರಿದ ಹೊತ್ತು, ವಿಮಾನದ ಹೊಣೆ ತನ್ನದೋ ಮತ್ತೊಬ್ಬರದೋ ಎಂಬುದು, ಎಲ್ಲವೂ ಸಾಲುಸಾಲಾಗಿ ಅದರಲ್ಲಿ ಸೇರುತ್ತವೆ. ಪುಟದ ಕೊನೆಯ ಮೊತ್ತವು ಮುಂದಿನ ಪುಟದ ಆರಂಭಕ್ಕೆ ಹೋಗುತ್ತದೆ. ಭಾರತದಲ್ಲಿ ವಾಣಿಜ್ಯ ಚಾಲಕನ ಪರವಾನಗಿಗೆ 200 ಗಂಟೆಗಳ, ಅದಕ್ಕಿಂತ ಮೇಲಿನ ವಿಮಾನಸಾರಿಗೆ ಚಾಲಕನ ಪರವಾನಗಿಗೆ 1,500 ಗಂಟೆಗಳ ಹಾರಾಟ ಬೇಕು. ಚಾಲಕನ ಮುಖವನ್ನೂ ಕಾಣದ ಪ್ರಯಾಣಿಕನಿಗೆ ಈ ಅಂಕಿಗಳೇ ಜಾಮೀನು.

ಈ ಜಾಮೀನು ಸುಳ್ಳಾಗಬಹುದೆಂಬುದು ಆ ವೃತ್ತಿಯವರಿಗೆ ಹೊಸತಲ್ಲ. ಆಕಾಶದಲ್ಲಿ ಹಾರದೆ ಲೇಖನಿಯಿಂದಲೇ ಗಳಿಸಿದ ಗಂಟೆಗಳನ್ನು ಅವರು ‘ಪಾರ್ಕರ್ 51’ ಎಂಬ ಪೆನ್ನಿನ ಹೆಸರಿನಿಂದ ಪರಿಹಾಸ್ಯ ಮಾಡುತ್ತ ಬಂದಿದ್ದಾರೆ. 2011ರಲ್ಲಿ ಭಾರತದಲ್ಲಿ ನಕಲಿ ಅಂಕಪಟ್ಟಿಗಳಿಂದ ಪರವಾನಗಿ ಪಡೆದ ಆರೋಪದ ಮೇಲೆ ಕೆಲವು ಚಾಲಕರ ಬಂಧನವಾದಾಗ ಆ ಪರಿಹಾಸ್ಯದಲ್ಲಿ ನಗುವಂಥದ್ದೇನೂ ಉಳಿಯಲಿಲ್ಲ.

ವಿದ್ಯುನ್ಮಾನ ದಾಖಲೆಯ ಗುಣಗಳು ನಿಜವಾದವು. ಅಮೆರಿಕದ ವಿಮಾನಯಾನ ಆಡಳಿತವು 2002ರಲ್ಲಿಯೇ ವಿದ್ಯುನ್ಮಾನ ಸಹಿ ಮತ್ತು ದಾಖಲೆಗಳ ಬಗೆಗೆ ಮಾರ್ಗದರ್ಶನ ಪ್ರಕಟಿಸಿತು. ಯಂತ್ರವು ಕೂಡುವುದರಲ್ಲಿ ತಪ್ಪುವುದಿಲ್ಲ. ಕಾಗದದಲ್ಲಿ ತಪ್ಪನ್ನು ಒಂದೇ ಗೆರೆಯಿಂದ ಹೊಡೆದು, ಹಳೆಯ ಅಕ್ಷರ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಮಾಡುವುದು ಪದ್ಧತಿ. ಒಳ್ಳೆಯ ವಿದ್ಯುನ್ಮಾನ ವ್ಯವಸ್ಥೆಯೂ ತಿದ್ದುಪಡಿಯ ಗುರುತನ್ನು ಹಾಗೆಯೇ ಉಳಿಸುತ್ತದೆ.

ಆದರೆ ಧರ್ಮಸೂಕ್ಷ್ಮವಿರುವುದು ಪುಸ್ತಕ ಬದಲಾಗುವ ದಿನದಲ್ಲಿ. ಹೊಸ ದಾಖಲೆಯನ್ನು ತೆರೆಯಲು ಎರಡು ದಾರಿಗಳುಂಟು. ಹಳೆಯ ಪುಸ್ತಕದ ಪ್ರತಿಯೊಂದು ಸಾಲನ್ನೂ ಮತ್ತೆ ಬರೆಯುವುದು ಒಂದು. ಈವರೆಗಿನ ಮೊತ್ತವನ್ನು ಒಂದೇ ಸಾಲಿನಲ್ಲಿ ನಮೂದಿಸಿ ಮುಂದುವರಿಯುವುದು ಇನ್ನೊಂದು. ದೀಪಾವಳಿಯಲ್ಲಿ ಹೊಸ ಖಾತೆ ತೆರೆಯುವ ವರ್ತಕರ ಮನೆತನಗಳಿಗೆ ಈ ಎರಡನೆಯ ದಾರಿ ಪರಿಚಿತವಾದುದೇ.

ಒಬ್ಬ ಚಾಲಕನು ಮೊದಲನೆಯ ದಾರಿಯನ್ನು ಹಿಡಿದನೆಂದು ಭಾವಿಸೋಣ. ಪುಸ್ತಕದಲ್ಲಿ 3,400 ಗಂಟೆಗಳಿವೆ. ಯಂತ್ರವು 3,300 ಎನ್ನುತ್ತದೆ. ಹುಡುಕಿದಾಗ, ವರ್ಷಗಳ ಹಿಂದೆ 1,286 ಎಂಬ ಮೊತ್ತವನ್ನು ಮುಂದಿನ ಪುಟದಲ್ಲಿ 1,386 ಎಂದು ಬರೆದುದು ಕಾಣುತ್ತದೆ. ಮೋಸದ ಉದ್ದೇಶವಿರಲಿಲ್ಲ. ಆದರೂ 1,500 ಗಂಟೆಗಳೆಂದು ಪರವಾನಗಿ ಬೇಡಿದ ದಿನ ಅವನು ನಿಜವಾಗಿ ಹಾರಿದ್ದುದು 1,400 ಮಾತ್ರ. ಈಗ ಅವನು ಅನುಭವಿ. ಆ ಕೊರತೆ ಎಂದೋ ತುಂಬಿದೆ. ಹೇಳಿದರೆ ಪರವಾನಗಿಗೂ ಉದ್ಯೋಗಕ್ಕೂ ತೊಂದರೆಯಾಗಬಹುದು. ಹೇಳದೆ 3,400 ಎಂಬ ಒಂದೇ ಸಾಲನ್ನು ಬರೆದರೆ ಯಾವ ಯಂತ್ರವೂ ಅದನ್ನು ಪ್ರಶ್ನಿಸದು. ಯಾರಿಗೆ ಹಾನಿ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಅವನ ಮನೆಯವರ ಅನ್ನವೂ ಆ ಅಂಕಿಯ ಮೇಲೆ ನಿಂತಿದೆ. ಆದರೆ ನಿನ್ನೆಯವರೆಗೆ 3,400 ಎಂಬುದು ಪ್ರಮಾದವಾಗಿತ್ತು. ತಿಳಿದ ಮೇಲೆ ಅದನ್ನೇ ಬರೆದರೆ ಸುಳ್ಳಾಗುತ್ತದೆ. ಅಂಕಿ ಅದೇ, ಬರೆಯುವವನ ಅರಿವು ಬೇರೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿರುವುದು ಇಲ್ಲಿ ಸ್ಮರಣೀಯ. ಇನ್ನೊಂದು ಮಾತೂ ಉಂಟು. ಕಾಗದದ ತಪ್ಪು ಹುಡುಕುವವನಿಗೆ ಸಿಗುವ ಸ್ಥಿತಿಯಲ್ಲಿತ್ತು. ಸಾಲುಗಳಿಲ್ಲದ ಮೊತ್ತವಾಗಿ ಹೊಸ ದಾಖಲೆಗೆ ಇಳಿದಾಗ ಅದು ಯಂತ್ರದ ವಿಶ್ವಾಸಾರ್ಹತೆಯನ್ನು ಹೊದ್ದುಕೊಳ್ಳುತ್ತದೆ. ಮುಂದಿನ ಪ್ರತಿಯೊಂದು ಸರಿಯಾದ ಕೂಡಿಕೆಯೂ ಆ ತಪ್ಪನ್ನು ಹೊತ್ತು ಸಾಗುತ್ತದೆ.

ಹಾಗೆಂದು ಒಂದೇ ಸಾಲಿನಲ್ಲಿ ಮೊತ್ತ ಬರೆಯುವುದೇ ದೋಷವೆನ್ನಲಾಗದು. ಸಾವಿರಾರು ಸಾಲುಗಳನ್ನು ಮತ್ತೆ ಬರೆಯುವ ಶ್ರಮವನ್ನು ಎಲ್ಲರಿಂದಲೂ ನಿರೀಕ್ಷಿಸುವುದು ಉಚಿತವಲ್ಲ. ಪುಟಪುಟದ ಮೊತ್ತವನ್ನು ಪರಿಶೀಲಿಸುವುದು, ಹಳೆಯ ಪುಸ್ತಕವನ್ನು ಜೋಪಾನವಾಗಿಡುವುದು, ಕಂಡ ವ್ಯತ್ಯಾಸವನ್ನು ಪರವಾನಗಿ ನೀಡುವ ಅಧಿಕಾರಿಗೆ ತಾನಾಗಿಯೇ ತಿಳಿಸುವುದು, ಇಷ್ಟನ್ನು ಮಾಡಿದವನ ಲೆಕ್ಕ ಶುದ್ಧವಾದುದು. ಅಧಿಕಾರದಲ್ಲಿರುವವರೂ ಒಪ್ಪಿಕೊಂಡ ಪ್ರಮಾದವನ್ನು ವಂಚನೆಯಿಂದ ಬೇರ್ಪಡಿಸಿ ನೋಡಬೇಕು. ಒಪ್ಪಿಕೊಂಡವನಿಗೂ ಬಚ್ಚಿಟ್ಟವನಿಗೂ ಒಂದೇ ದಂಡವಾದರೆ ಬಚ್ಚಿಡುವುದನ್ನೇ ಕಲಿಸಿದಂತಾಗುತ್ತದೆ.

ಯಂತ್ರವು ಬರೆದುದನ್ನು ಕಾಯಬಲ್ಲದು. ಆ ಇರುಳು ವಿಮಾನದ ಹೊಣೆ ಹೊತ್ತವರು ಯಾರು, ಮೊದಲ ಸಾಲಿನ ಮೊತ್ತ ಎಲ್ಲಿಂದ ಬಂತು ಎಂಬುದಕ್ಕೆ ಬರೆದವನೊಬ್ಬನೇ ಸಾಕ್ಷಿ. ಆ ಸಾಕ್ಷಿಯು ಶುದ್ಧವಾಗಿದ್ದರೆ ಶಾಯಿಯೂ ಸಾಕು. ಇಲ್ಲವಾದರೆ ಯಾವ ಸಾಧನವೂ ಸಾಲದು.